ಶಿವಯ್ಯನವರ ವಾರಸುದಾರ

೨೦೦೦ನೇ ಇಸವಿ ಸೆಪ್ಟೆಂಬರ್ ನಾಲ್ಕು, ಸೋಮವಾರ. ಗಣಪತಿ ಬಿಡುವ ಬಂದೋಬಸ್ತಿಗೆಂದು ಶಾಂತಿಗ್ರಾಮ ಠಾಣೆಯ ಅರ್ಧ ಜನ ಹಳ್ಳಿಗಳಿಗೆ ಹೋಗಿದ್ದರು. ಸಬ್ ಇನ್ಸ್‌ಪೆಕ್ಟರ್ ಬಸವರಾಜು ತಮ್ಮ ಮೇಜಿನ ಬಳಿ, ಪೇದೆ ಪರಮೇಶ ಬಾಗಿಲ ಬಳಿ ಇದ್ದರು. ಹತ್ತೂವರೆಯ ಹೊತ್ತಿಗೆ ಇಬ್ಬರು ಹೆಂಗಸರು ಮೆಟ್ಟಿಲು ಹತ್ತಿ ಬಂದರು. ಹಿರಿಯಾಕೆಗೆ ಅರವತ್ತರ ಮೇಲಿರಬಹುದು; ಹಣೆಯ ತುಂಬ ವಿಭೂತಿ. ಜೊತೆಯಲ್ಲಿ ಬಂದ ಮಗಳು ಅವರ ತೋಳು ಹಿಡಿದುಕೊಂಡಿದ್ದಳು.

"ಏನಾಗ್ಬೇಕಮ್ಮಾ?" ಪರಮೇಶ ಕೇಳಿದ.

"ನಮ್ಮೆಜಮಾನ್ರಿಗೆ ಒಬ್ಬ ಮಗ ಉಟ್ಟವ್ನಂತೆ ಸ್ವಾಮಿ."

"ಸಂತೋಷ. ಅದ್ಕೆ ಠಾಣೆಗ್ಯಾಕ್ ಬಂದ್ರಿ? ಪೇಡ ಅಂಚಿ."

"ಅವರು ಲಿಂಗೈಕ್ಯರಾಗಿ ಮೂರು ವರ್ಷ ಆಯ್ತು."

ಪರಮೇಶ ಎದ್ದು ನಿಂತ. ಬಸವರಾಜು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು, ಇಬ್ಬರನ್ನೂ ಒಳಗೆ ಕರೆದು ಕೂರಿಸಿದರು.

ಹಿರಿಯಾಕೆ ಗಂಗಾಂಬಿಕೆ. ಠಾಣೆಯಿಂದ ಮೂರು ಮೈಲಿಯ ಹಳ್ಳಿಯವರು. ಗಂಡ ಶಿವಯ್ಯ ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾಗಿ, ಊರಿಗೆ ಬಂದು ಹದಿನೈದು ವರ್ಷ ಬೇಸಾಯ ಮಾಡಿಸಿಕೊಂಡಿದ್ದು ೧೯೯೭ರಲ್ಲಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಮಾನಸಾ, ಕಟ್ಟಾಯದ ಶಾಲೆಯಲ್ಲಿ ಉಪಾಧ್ಯಾಯಿನಿ. ಎಪ್ಪತ್ತೊಂದರ ಯುದ್ಧದಲ್ಲಿ ಶಿವಯ್ಯನವರಿಗೆ ಶೌರ್ಯ ಪದಕವೊಂದು ಘೋಷಣೆಯಾಗಿತ್ತು. ಅವರು ಅದನ್ನು ತರಿಸಿಕೊಳ್ಳಲೇ ಇಲ್ಲ. ಅವರ ಸೇವಾ ದಾಖಲೆಯಲ್ಲೂ ಅದು ಏರಿರಲಿಲ್ಲ. ಹಿಂದಿನ ವರ್ಷ ಕಾರ್ಗಿಲ್ ಯುದ್ಧವಾದ ಮೇಲೆ ತಾಲ್ಲೂಕಿನಲ್ಲಿ ಹಳೆಯ ಸೈನಿಕರ ಮನೆಯವರನ್ನೆಲ್ಲ ಕರೆದು ಸನ್ಮಾನ ಮಾಡಿದಾಗ ಈ ಲೋಪ ಹೊರಬಿತ್ತು. ದಾಖಲೆಯನ್ನು ತಿದ್ದಿ ಪದಕ ಕೊಡಿಸಬೇಕೆಂದು ಗಂಗಾಂಬಿಕೆ ಅರ್ಜಿ ಹಾಕಿದ್ದರು.

ಅದರ ಉತ್ತರವನ್ನು ಮಾನಸಾ ಮೇಜಿನ ಮೇಲಿಟ್ಟಳು. ಇಂಗ್ಲಿಷಿನಲ್ಲಿತ್ತು. ಬಸವರಾಜು ಎರಡು ಸಲ ಓದಿದರು. ದಿವಂಗತ ಸುಬೇದಾರ್ ಶಿವಯ್ಯನವರ ದಾಖಲೆ ಈಗಾಗಲೇ ತಿದ್ದುಪಡಿಯಾಗಿದೆ. ಅವರ ಮಗನೂ ವಾರಸುದಾರನೂ ಆದ ಎಸ್. ಜಯಂತ್ ಎಂಬುವರ ಕೋರಿಕೆಯಂತೆ ಪದಕವನ್ನೂ ಕೇಳಿದ ಕಾಗದಪತ್ರಗಳ ನಕಲನ್ನೂ ಜೂನ್ ತಿಂಗಳಲ್ಲಿ ಅರಕಲಗೂಡಿನ ವಿಳಾಸಕ್ಕೆ ಕಳಿಸಲಾಗಿದೆ. ಆದ್ದರಿಂದ ತಮ್ಮ ಅರ್ಜಿಯನ್ನು ಪರಿಗಣಿಸಲಾಗದು.

"ಜಯಂತ್ ಅನ್ನೋರು ಯಾರೂ ಗೊತ್ತಿಲ್ವಾ? ಅಣ್ಣತಮ್ಮಂದಿರ ಮಕ್ಕಳು?"

"ನಮ್ಮ ವಂಶದಲ್ಲೇ ಆ ಹೆಸರಿಲ್ಲ ಸರ್," ಎಂದಳು ಮಾನಸಾ.

"ನಿಮ್ಮ ತಂದೆ ಊರಲ್ಲಿ ಬಿಟ್ಟರೆ ಬೇರೆಲ್ಲಾದರೂ ಹೋಗಿ ಬರ್ತಿದ್ರಾ?"

ತಾಯಿಯೂ ಮಗಳೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ಗಂಗಾಂಬಿಕೆಯೇ ಹೇಳಿದರು.

"ವರ್ಷಕ್ಕೊಂದ್ಸಲ ಒಳೆನರಸೀಪುರಕ್ಕೆ ಓಗೋರು. ದಸರಾಕ್ಕೆ ಮುಂಚೆ. ನರಸಿಂಹಸ್ವಾಮಿ ದರ್ಶನ ಅಂತಿದ್ರು. ಲಿಂಗ ಕಟ್ಟಿರೋ ಗಂಡ್ಸಿಗೆ ತಪ್ಪದಂಗೆ ಅದೇನು ಅಲ್ಲಿ ದರ್ಶನ ಅಂತ ನಾನು ಒಂದ್ ದಿನಾನೂ ಕೇಳ್ಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. "ಈ ಕಾಗ್ದ ಬಂದಾಗಿಂದ ಲಿಂಗಪೂಜೆಗೆ ಕುಂತ್ರೆ ಕಣ್ಮುಂದೆ ಅದೇ ಬತ್ತದೆ. ಅವರ ಗದ್ದುಗೆ ಕಡೆ ಓಗಿಲ್ಲ ನಾನು. ಮೆಡಲ್ ಸಿಕ್ರೆ ಸಿಗ್ಲಿ, ಬುಟ್ರೆ ಬುಡ್ಲಿ ಇನ್ಸ್‌ಪೆಕ್ಟ್ರೇ. ಅವ್ರಿಗೆ ಇನ್ನೊಂದ್ ಮನೆ ಇತ್ತಾ, ಇಲ್ವಾ? ನಲವತ್ತು ವರ್ಷ ನಾನು ಯಾರ ಸಂಗಡ ಬಾಳಿದೆ? ಅದನ್ನ ಪತ್ತೆ ಮಾಡಿ ಯೋಳಿ."

ಬಸವರಾಜು ದೂರನ್ನು ಬರೆದುಕೊಂಡು ಓದಿ ಹೇಳಿ ಸಹಿ ಹಾಕಿಸಿದರು. ಸುಳ್ಳು ಹೆಸರಿನಲ್ಲಿ ವಂಚನೆ, ದಾಖಲೆಯ ಸೃಷ್ಟಿ ಮತ್ತು ಬಳಕೆ ಎಂಬ ಕಲಮುಗಳ ಅಡಿಯಲ್ಲಿ ಎಫ್‌ಐಆರ್ ದಾಖಲಾಯಿತು. ಆ ಹೆಂಗಸರು ಹೋದ ಮೇಲೆ ಪರಮೇಶ ಮೆಲ್ಲಗೆ ಕೇಳಿದ:

"ಪೇಡ ಅಂದಿದ್ದು ತಪ್ಪಾಯ್ತು, ಅಲ್ವಾ ಸಾ?"

"ಆಯ್ತು," ಎಂದರು ಬಸವರಾಜು.

ಆರನೇ ತಾರೀಖು ಇಬ್ಬರೂ ಹಾಸನಕ್ಕೆ ಹೋದರು. ಜಯಂತ್‌ನ ಅರ್ಜಿ ಹಾದುಹೋಗಿದ್ದ ಸೈನಿಕ ಕಲ್ಯಾಣ ಕಛೇರಿಯ ಗುಮಾಸ್ತರು ಫೈಲು ತೆಗೆದುಕೊಟ್ಟರು. ಗ್ರಾಮ ಲೆಕ್ಕಾಧಿಕಾರಿಯ ಮೊಹರಿದ್ದ ವಂಶವೃಕ್ಷದಲ್ಲಿ ಶಿವಯ್ಯನವರ ಹೆಸರಿನ ಕೆಳಗೆ ಒಂದೇ ಗೆರೆ, ಅದರ ತುದಿಗೆ ಜಯಂತ್. ಗಂಗಾಂಬಿಕೆಯ ಹೆಸರಿಲ್ಲ, ಮಾನಸಾಳ ಹೆಸರಿಲ್ಲ. ಅಂಥ ಪತ್ರ ಕೊಟ್ಟೇ ಇಲ್ಲವೆಂದು ಲೆಕ್ಕಾಧಿಕಾರಿ ಹಿಂದಿನ ದಿನವೇ ಹೇಳಿಕೆ ಕೊಟ್ಟಿದ್ದರು. ಅರ್ಜಿಗೆ ಅಂಟಿಸಿದ್ದ ಫೋಟೋದಲ್ಲಿ ಮೂವತ್ತು ದಾಟಿದ ತೆಳ್ಳನೆಯ ಮನುಷ್ಯ, ಕನ್ನಡಕ.

"ಈತನ ನೆನಪಿದೆಯಾ?"

"ಇಲ್ದೇ ಏನು ಸಾರ್. ಇಲ್ಲಿಗೆ ಬರೋರೆಲ್ಲ ಜಗಳಕ್ಕೇ ಬರ್ತಾರೆ. ಈ ಮನುಷ್ಯ ಎರಡು ವರ್ಷ ಓಡಾಡಿದ್ರೂ ಒಂದ್ಸಲ ಗಂಟಲು ಏರಿಸ್ಲಿಲ್ಲ. ಒಂದಿನ ಮಧ್ಯಾಹ್ನ ಕರೆಂಟಿಲ್ಲ, ಸಾಹೇಬ್ರಿಲ್ಲ, ಕೂತೇ ಇದ್ದ. ಪಾಪ ಅಂತ ನನ್ನ ಡಬ್ಬೀಲಿದ್ದ ಚಿತ್ರಾನ್ನ ಕೊಟ್ಟೆ. ತಿನ್ನೋಕ್ಮುಂಚೆ ತಟ್ಟೆ ಸುತ್ತ ನೀರು ತಿರುಗಿಸಿ ಏನೋ ಹೇಳ್ಕೊಂಡ."

ಬಸವರಾಜು ತಲೆಯೆತ್ತಿದರು. ಶಿವಯ್ಯನವರಂತೆ ಅವರ ಮನೆಯೂ ಲಿಂಗಾಯತರದ್ದೇ. ಊಟಕ್ಕೆ ಮುಂಚೆ ತಟ್ಟೆಯ ಸುತ್ತ ನೀರು ಕಟ್ಟುವುದು ಬ್ರಾಹ್ಮಣರ ಪದ್ಧತಿ. ಲಿಂಗಾಯತರ ಮಗನಿಗೆ ಆ ಅಭ್ಯಾಸ ಬರುವುದಿಲ್ಲ.

"ಪದಕ ಯಾವಾಗ ಬರುತ್ತೆ ಅಂತ ಕೇಳ್ತಿದ್ನಾ?"

"ಅದೇ ವಿಚಿತ್ರ ಸಾರ್. ಪದಕದ ಮಾತೇ ಎತ್ತುತ್ತಿರಲಿಲ್ಲ. ಶಿವಯ್ಯನವರು ಎಪ್ಪತ್ತೊಂದರ ವಿಚಾರಣೆಯಲ್ಲಿ ಕೊಟ್ಟ ಹೇಳಿಕೆ ಬೇಕು, ಅದರ ನಕಲು ಬೇಕು, ಇದೊಂದೇ."

ಜೀಪು ಅರಕಲಗೂಡಿನ ರಸ್ತೆಗೆ ತಿರುಗಿದ ಮೇಲೆ ಪರಮೇಶನಿಗೆ ಸುಮ್ಮನಿರಲಾಗಲಿಲ್ಲ.

"ಅಂಗಾದ್ರೆ ಸುಬೇದಾರ್ರು ಚಿಕ್ಕಮನೇನ ಬ್ರಾಮಣ್ರ ಬೀದೀಲೇ ಮಾಡಿದ್ರು ಅನ್ನಿ ಸಾ."

"ಬಾಯಿ ಮುಚ್ಕೊಂಡು ಗೇರ್ ಹಾಕೋ."

ಹಾಗೆ ಗದರಿಸಿದರೂ ಬಸವರಾಜು ಅವರ ಮನಸ್ಸಿನಲ್ಲಿ ಅದೇ ಮಾತು ಕೊರೆಯುತ್ತಿತ್ತು. ಆ ಮುದುಕಿಯ ಮುಂದೆ ನಿಂತು ಇದನ್ನು ಹೇಗೆ ಹೇಳುವುದು?

ಅರಕಲಗೂಡಿನ ವಿಳಾಸದಲ್ಲಿ ಸಣ್ಣಕ್ಕ ಎಂಬಾಕೆಯ ಮನೆಯ ಹೊರಗೋಡೆಗೆ ತಾಗಿದ ಒಂದು ಕೋಣೆ ಇತ್ತು. ಬೀಗ ಹಾಕಿತ್ತು. ಸಣ್ಣಕ್ಕ ರಾಗಿ ಹಸನು ಮಾಡುತ್ತ ಕೂತಲ್ಲಿಂದ ಏಳದೆ ಉತ್ತರ ಕೊಟ್ಟಳು.

"ಬಾಡ್ಗೆಗೆ ತಗಂಡ, ಒಂದಿನಾನೂ ಮಲಗ್ನಿಲ್ಲ. ವಾರಕ್ಕೊಂದ್ಸಲ ಬಂದು ಟಪಾಲು ಬಂತಾ ಅನ್ನೋನು. ನಾನೇನು ಪೋಸ್ಟ್ ಮಾಸ್ಟ್ರಾ?"

"ಕೊನೇಲಿ ಬಂತಾ?"

"ಬಂತು. ಎಲ್ಡು. ಒಂದು ಉದ್ದದ ಲಕೋಟೆ, ಒಂದು ಸಣ್ಣದು, ಡಬ್ಬಿ ತರ, ಭಾರ. ಭಾರದ್ದ ಕಂಕುಳ್ಗೆ ಇಟ್ಕಂಡ, ಬಿಚ್ಚಿ ಸೈತ ನೋಡ್ನಿಲ್ಲ. ಲಕೋಟೆ ಮಾತ್ರ ಇಗಾ, ಈ ಕಲ್ಲಿನ್ ಮ್ಯಾಲೆ ನಿಂತ್ಕಂಡೇ ಅರುದ." ಸಣ್ಣಕ್ಕ ಮೊರ ಕೆಳಗಿಟ್ಟಳು. "ನಗ್ತಾ ಅರುದ ಸಾ. ಓದ್ತಾ ಓದ್ತಾ ಗ್ವಾಡೆಗೆ ಒರಗ್ಬುಟ್ಟ. ಆಮ್ಯಾಕೆ ಅಲ್ಲೇ ಕುಂತ್ಬುಟ್ಟ. ಯಾರಾನಾ ಸತ್ರೇನಪ್ಪಾ ಅಂದೆ. ಊಂ ಅಂದ. ನೀರು ತಂದ್ಕೊಟ್ರೆ ಲೋಟನೇ ನೋಡ್ತಾನೆ, ಕುಡಿಯಕ್ಕಿಲ್ಲ. ಅಂಥಾ ಮಕ ನಾನು ನೋಡಿಲ್ಲ ಕಣ್ ಸಾ. ಎದ್ದೋದೋನು ಮತ್ತೆ ಬರ್ನಿಲ್ಲ."

ಮೋಸ ಮಾಡಿ ಬೇಕಾದ್ದನ್ನು ಗಿಟ್ಟಿಸಿಕೊಂಡವನು ಅದನ್ನು ಓದಿ ಗೋಡೆಗೆ ಒರಗುವುದು ಏಕೆ? ಬಸವರಾಜು ಕೋಣೆಯ ಬೀಗ ಒಡೆಸಿ ಮಹಜರು ಮಾಡಿದರು. ಒಳಗೆ ಒಂದು ಚಾಪೆ, ಒಂದು ಬಕೀಟು. ಬೇರೇನೂ ಇರಲಿಲ್ಲ.

ಹೊಳೆನರಸೀಪುರದಲ್ಲಿ ಗುರುತು ಹತ್ತುವುದು ತಡವಾಗಲಿಲ್ಲ. ಎಂಟನೇ ತಾರೀಖು ಬೆಳಿಗ್ಗೆ ದೇವಸ್ಥಾನದ ಬೀದಿಯ ಹೂವಿನ ಅಂಗಡಿಯವನು ಫೋಟೋ ನೋಡಿದ ಕೂಡಲೇ, "ನಮ್ಮ ಟೈಪಿಂಗ್ ಮೇಷ್ಟ್ರು ಜಯಂತ್ ಅಲ್ವಾ?" ಎಂದ. ಇನ್‌ಸ್ಟಿಟ್ಯೂಟು ಜೂನ್ ತಿಂಗಳಿಂದ ಮುಚ್ಚಿದೆ. ಮೇಷ್ಟ್ರು ಮೈಸೂರಲ್ಲಿ ಕೆಲಸ ಅಂತ ಹೋದರು. ಮನೆಯಲ್ಲಿ ತಾಯಿ ಅಂಬುಜಮ್ಮ ಇದ್ದಾರೆ.

"ಅವರ ಮನೆಗೆ ಹೊರಗಿನವರು ಯಾರಾದರೂ ಬರ್ತಿದ್ರಾ?"

"ಒಬ್ಬರು ಬರೋರು. ಮಿಲಿಟ್ರಿಯೋರು, ದೊಡ್ಡ ಮೀಸೆ, ಹಣೇಲಿ ವಿಭೂತಿ. ವರ್ಷಕ್ಕೊಂದು ದಿನ ಬಂದು ಸಾಯಂಕಾಲದ ತನಕ ಇದ್ದು ಹೋಗೋರು. ಸೀರೆ, ಹಣ್ಣು ತರೋರು. ಮೇಷ್ಟ್ರನ್ನ ಮಗಾ ಅಂತಲೇ ಕರೆಯೋರು." ಅಂಗಡಿಯವನು ದನಿ ತಗ್ಗಿಸಿದ. "ಬೀದೀಲಿ ಏನೇನೋ ಅಂತಿದ್ರು. ನಮಗ್ಯಾಕೆ ಬಿಡಿ."

ಬಸವರಾಜು ಫೋಟೋವನ್ನು ಜೇಬಿಗಿಟ್ಟು ಮನೆಯ ದಾರಿ ಕೇಳಿದರು.

ಅಂಬುಜಮ್ಮ ತಲೆ ಬೋಳಿಸಿ ಕೆಂಪು ಸೀರೆ ಉಡುವ ಹಳೆಯ ಕಾಲದ ವಿಧವೆಯಲ್ಲ. ನರೆತ ಕೂದಲು, ಬರಿದಾದ ಹಣೆ, ಕೈಯಲ್ಲಿ ಜಪಮಣಿ. ಪೊಲೀಸರೆಂದು ತಿಳಿದು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ನನ್ನ ಮಗನಿಗೆ ಏನಾಯ್ತು?"

"ಏನೂ ಆಗಿಲ್ಲ. ಸುಬೇದಾರ್ ಶಿವಯ್ಯ ನಿಮಗೇನಾಗಬೇಕು?"

"ಏನಾಗಬೇಕು ಅಂದ್ರೆ? ದೇವರಂಥ ಮನುಷ್ಯ. ನಮ್ಮವರ ಸ್ನೇಹಿತರು."

"ನಿಮ್ಮವರು ಅಂದ್ರೆ?"

ಅವರು ಒಳಗೆ ಹೋಗಿ ಒಂದು ಫೋಟೋ ತಂದರು. ಸಮವಸ್ತ್ರದಲ್ಲಿ ಇಪ್ಪತ್ತೆಂಟರ ಹುಡುಗ, ತೋಳಿನ ಮೇಲೆ ವೈದ್ಯ ದಳದ ಪಟ್ಟಿ. ಕನ್ನಡಕವಿಲ್ಲದಿದ್ದರೆ ಅರ್ಜಿಯ ಮೇಲಿದ್ದ ಮುಖವೇ.

"ಪಟ್ಟಾಭಿರಾಮ ಅಂತ. ಗಾಯಾಳುಗಳಿಗೆ ಪಟ್ಟಿ ಕಟ್ಟೋ ಕೆಲಸ. ಎಪ್ಪತ್ತೊಂದರಲ್ಲಿ ಪೂರ್ವದ ಕಡೆ ಹೋದವರು ಬರಲಿಲ್ಲ. ಸತ್ತರು ಅಂತ ತಂತಿ ಬರುತ್ತೆ ಅಂತ ಹೆದರಿಕೊಂಡು ಕೂತಿದ್ದೆ. ಕಾಗದ ಬಂತು. ಓಡಿಹೋಗಿದ್ದಾರೆ ಅಂತ." ಜಪಮಣಿ ಅವರ ಬೆರಳಲ್ಲಿ ನಿಂತುಹೋಗಿತ್ತು. "ಎಲ್ಲಿಗಪ್ಪಾ ಓಡಿಹೋಗ್ತಾರೆ? ನಾಲ್ಕು ವರ್ಷದ ಮಗನ್ನ ಬಿಟ್ಟು? ಬೀದಿಯಲ್ಲಿ ಮಕ್ಕಳು ನನ್ನ ಮಗನ್ನ ಅದೇ ಹೆಸರಿಟ್ಟು ಕರೆದರು. ಹನ್ನೆರಡು ವರ್ಷ ಕುಂಕುಮ ಇಟ್ಟುಕೊಂಡು ಕಾದೆ. ಆಮೇಲೆ ಶಾಸ್ತ್ರದಂತೆ ದರ್ಭೆಯಲ್ಲಿ ದೇಹ ಮಾಡಿ ಕರ್ಮ ಮುಗಿಸಿದ್ವಿ. ಸರ್ಕಾರದ ಲೆಕ್ಕದಲ್ಲಿ ಈಗಲೂ ಅವರು ಓಡ್ತಾನೇ ಇದ್ದಾರೆ."

"ಶಿವಯ್ಯನವರು ಏನು ಹೇಳ್ತಿದ್ರು?"

"ಅವರೇ ತಾನೇ ನಮ್ಮ ಪ್ರಾಣ ಉಳಿಸಿದ್ದು! ನಿವೃತ್ತರಾಗಿ ಬಂದ ವರ್ಷವೇ ಮನೆ ಹುಡುಕ್ಕೊಂಡು ಬಂದರು. 'ತಾಯೀ, ಗಾಯ ಆದ ಹುಡುಗರು ನೀರು ನೀರು ಅಂತಿದ್ರು. ನಾನೇ ಹೇಳಿದೆ, ಪಟ್ಟಾಭಿ, ಹೊಳೆಯಿಂದ ನೀರು ತಾ ಅಂತ. ಹೋದ. ಬರಲಿಲ್ಲ. ಅವನು ಓಡಿಹೋದೋನಲ್ಲ' ಅಂದರು. ಇಲ್ಲೇ, ಈ ಜಗಲಿಯ ಮೇಲೆ ಕೂತು ಮಗುವಿನ ಹಾಗೆ ಅತ್ತರು. ಇದನ್ನ ಸರ್ಕಾರಕ್ಕೆ ಬರೆದುಕೊಡಿ ಅಂತ ಜಯಂತ ಎಷ್ಟು ಸಲ ಕೇಳಿದನೋ. ಮುಂದಿನ ವರ್ಷ ಮಗಾ, ಮುಂದಿನ ವರ್ಷ ಅನ್ನೋರು. ಹಾಗೇ ಹೋಗಿಬಿಟ್ಟರು."

ಬಸವರಾಜುಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಇನ್ನೊಂದು ಮನೆ ಇರಲಿಲ್ಲ. ಆದರೂ ಬಂದ ಕೆಲಸ ಮುಗಿದಿರಲಿಲ್ಲ.

"ನಿಮ್ಮ ಯಜಮಾನರ ತಿಥಿ ಯಾವತ್ತು ಮಾಡ್ತೀರಿ?" ಎಂದು ಸುಮ್ಮನೆ ಕೇಳುವಂತೆ ಕೇಳಿದರು.

"ಹೋದ ದಿನ ಗೊತ್ತಿದ್ದರೆ ತಾನೇ ತಿಥಿ. ದಿನ ಗೊತ್ತಿಲ್ಲದವರಿಗೆಲ್ಲ ಮಹಾಲಯ ಅಮಾವಾಸ್ಯೆ ಒಂದೇ. ವರ್ಷಕ್ಕೆ ಅದೊಂದು ದಿನ ಅವರಿಗೆ ಎಳ್ಳುನೀರು. ಜಯಂತ ಎಲ್ಲಿದ್ದರೂ ಬರ್ತಾನೆ, ಹೊಳೆಯ ಹತ್ತಿರವೇ ಮಾಡ್ತಾನೆ. ಜ್ವರದಲ್ಲಿ ಒದ್ದಾಡ್ತಿದ್ದಾಗಲೂ ತಪ್ಪಿಸಿಲ್ಲ..."

ಮಾತು ಅಲ್ಲಿಗೇ ನಿಂತಿತು. ತಾನು ಯಾರಿಗೆ ಏನು ಹೇಳಿಬಿಟ್ಟೆನೆಂದು ಅಂಬುಜಮ್ಮನಿಗೆ ಆಗ ಹೊಳೆಯಿತು. ಕೈ ಬಾಯಿಗೆ ಹೋಯಿತು. ಜಪಮಣಿ ಕೆಳಗೆ ಬಿತ್ತು. ಪರಮೇಶ ಬಗ್ಗಿ ಅದನ್ನು ಎತ್ತಿ, ಮುಟ್ಟಬಹುದೋ ಬಾರದೋ ಎಂದು ಒಂದು ಕ್ಷಣ ಅನುಮಾನಿಸಿ, ಜಗಲಿಯ ಅಂಚಿನ ಮೇಲಿಟ್ಟ.

ಹನ್ನೆರಡನೇ ತಾರೀಖು ಬಸವರಾಜು ಚನ್ನರಾಯಪಟ್ಟಣಕ್ಕೆ ಹೋದರು. ಶಿವಯ್ಯನವರ ಸೇನಾ ಕಂಪನಿಯಲ್ಲೇ ನಾಯಕ್ ದರ್ಜೆಯಲ್ಲಿದ್ದ ಕೃಷ್ಣಪ್ಪ ಅಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದರು. ಒಂದು ಕಾಲು ಕುಂಟು.

"ಪಟ್ಟಾಭಿನಾ? ಅಯ್ಯೋ, ಈ ಕಾಲಿಗೆ ಪಟ್ಟಿ ಕಟ್ಟಿದ್ದು ಅವ್ನೇ ಕಣ್ರಿ. ಊಟಕ್ಕೆ ಮುಂಚೆ ಮಂತ್ರ ಯೋಳ್ತಾನೆ ಅಂತ ನಾವೆಲ್ಲಾ ಐನೋರೇ ಅಂತ ಗೋಳುಯ್ಕೊತಿದ್ವಿ. ಆವತ್ತು ರಾತ್ರಿ ಹೊಳೆ ದಂಡೆ ಇಡ್ಕಂಡಿದ್ವಿ. ಶಿವಯ್ಯ ಒಬ್ನೇ ಮೆಷಿನ್ ಗನ್ ಇಡ್ಕಂಡು ಬೆಳಗಾನ ನಿಂತ. ಅದ್ಕೇ ಮೆಡಲ್ಲು, ಅದ್ರಲ್ಲಿ ಎಲ್ಡ್ ಮಾತಿಲ್ಲ."

"ಪಟ್ಟಾಭಿರಾಮ ನೀರಿಗೆ ಅಂತ ಹೋದ್ರಾ?"

"ನೀರ್ಗಾ?" ಕೃಷ್ಣಪ್ಪ ಸ್ಪ್ಯಾನರ್ ಕೆಳಗಿಟ್ಟರು. "ಕತ್ತಲಾದ್ಮೇಲೆ ಒಬ್ನೂ ಅಳ್ಳಾಡಂಗಿಲ್ಲ ಅಂತ ಆರ್ಡರ್ ಇತ್ತಲ್ರಿ. ಎದ್ದೋದೋನಿಗಿಂತ ಮೊದ್ಲು ಕಳಿಸ್ದೋನಿಗೆ ಕೋರ್ಟ್ ಮಾರ್ಷಲ್. ಯಾರ್ ಕಳಿಸ್ತಾರೆ? ನಂಗಂತೂ ಪ್ರಜ್ಞೆ ಇರ್ಲಿಲ್ಲ. ಅವ್ನ ಪಕ್ಕದಲ್ಲಿದ್ದಿದ್ದು ಶಿವಯ್ಯ ಒಬ್ನೇ. ಎನ್‌ಕ್ವೈರೀಲಿ ಸಾಕ್ಷಿ ಯೋಳಿದ್ದೂ ಅವ್ನೊಬ್ನೇ."

ಬಸವರಾಜು ಜೀಪು ಹತ್ತಿದರು. ಅರಕಲಗೂಡಿನ ಗೋಡೆಗೆ ಒರಗಿದ ಮನುಷ್ಯ ಏನು ಓದಿರಬಹುದೆಂದು ಅವರಿಗೆ ಅಂದಾಜಾಗತೊಡಗಿತ್ತು. ಆ ಅಂದಾಜು ಸುಳ್ಳಾಗಲಪ್ಪಾ ಶಿವನೇ ಎಂದುಕೊಂಡರು.

ಗಂಗಾಂಬಿಕೆಗೆ ಅವರು ಅರ್ಧವನ್ನಷ್ಟೇ ಹೇಳಿದರು. ಇನ್ನೊಂದು ಮನೆ ಇರಲಿಲ್ಲ. ಕಾಣೆಯಾದ ಸ್ನೇಹಿತನ ಹೆಂಡತಿ ಮಗನನ್ನು ನೋಡಲು ಹೋಗುತ್ತಿದ್ದರು. ಮುದುಕಿ ನಿಂತಲ್ಲೇ ಕೈ ಮುಗಿದು ಕಣ್ಣೀರು ಸುರಿಸಿದರು. "ನಾನು ಪಾಪಿ. ಅಂಥೋರ್ನ ಅನುಮಾನಿಸ್ಬುಟ್ಟೆ," ಎಂದರು. ಮಾರನೆಯ ದಿನವೇ ಹೂವು ಹಣ್ಣು ತೆಗೆದುಕೊಂಡು ಗದ್ದುಗೆಗೆ ಹೋಗಿ ಬಂದರಂತೆ. ಆಮೇಲೆ ಮಾನಸಾಳನ್ನು ಕರೆದುಕೊಂಡು ಠಾಣೆಗೆ ಬಂದರು.

"ಆ ಉಡುಗ ಸಿಕ್ಕೋ ದಿನ ನಾನೂ ಬತ್ತೀನಿ. ನಮ್ಮೆಜಮಾನ್ರ ಮಗ ಅಂತ ಬರ್ಕೊಂಡೋನ ಮಕ ನೋಡ್ಬೇಕು. ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ?"

ಬೇಡವೆನ್ನಲು ಬಸವರಾಜುಗೆ ಕಾರಣ ಸಿಗಲಿಲ್ಲ. ಇದ್ದ ಒಂದೇ ಕಾರಣವನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಸೆಪ್ಟೆಂಬರ್ ಇಪ್ಪತ್ತೇಳು, ಬುಧವಾರ, ಮಹಾಲಯ ಅಮಾವಾಸ್ಯೆ. ಹೇಮಾವತಿಯ ದಂಡೆಯಲ್ಲಿ ಬೆಳಗಿನಿಂದಲೇ ಜನ. ಒದ್ದೆ ಪಂಚೆಗಳು, ದರ್ಭೆಯ ಕಟ್ಟು, ಎಳ್ಳಿನ ಪೊಟ್ಟಣ, ಪಿಂಡಕ್ಕೆ ಕಾದ ಕಾಗೆಗಳು. ಸ್ಥಳೀಯ ಠಾಣೆಯ ಇಬ್ಬರು ಮಫ್ತಿಯಲ್ಲಿ ಮೆಟ್ಟಿಲ ಮೇಲಿದ್ದರು. ಪರಮೇಶ ಪಂಚೆ ಉಟ್ಟು ತಂಬಿಗೆ ಹಿಡಿದು ನೀರಂಚಿನಲ್ಲಿ ನಿಂತಿದ್ದ. ಬಸವರಾಜು, ಗಂಗಾಂಬಿಕೆ, ಮಾನಸಾ ಮಂಟಪದ ಕಂಬದ ಮರೆಯಲ್ಲಿದ್ದರು.

ಹತ್ತು ಗಂಟೆ ಹತ್ತು ನಿಮಿಷಕ್ಕೆ ಅವನು ಬಂದ. ಬಗಲಲ್ಲಿ ಒಂದು ಕೈಚೀಲ. ಫೋಟೋದಲ್ಲಿ ಇದ್ದುದಕ್ಕಿಂತ ತುಂಬ ಇಳಿದುಹೋಗಿದ್ದ. ಚೀಲವನ್ನು ಮೆಟ್ಟಿಲ ಮೇಲಿಟ್ಟು, ನದಿಗಿಳಿದು ಮುಳುಗಿ, ಪುರೋಹಿತರ ಮುಂದೆ ಕೂತ. ಪರಮೇಶ ಕತ್ತು ತಿರುಗಿಸಿ ಸಾಹೇಬರ ಕಡೆ ನೋಡಿದ. ಬಸವರಾಜು ಕೈ ಅಲ್ಲಾಡಿಸಿ ಬೇಡವೆಂದರು. ಆ ವರ್ಷದ ಬೇಸಿಗೆಯಲ್ಲೇ ಅವರು ತಮ್ಮ ತಂದೆಯನ್ನು ಮಣ್ಣಿಗೆ ಇಳಿಸಿ ಬಂದಿದ್ದರು.

ಅಪ್ಪ, ತಾತ, ಮುತ್ತಾತ. ಪುರೋಹಿತರು ಹೇಳಿಕೊಟ್ಟಂತೆ ಜಯಂತ್ ಒಂದೊಂದು ಹೆಸರಿಗೂ ಗೋತ್ರ ಹೇಳಿ ಎಳ್ಳುನೀರು ಬಿಟ್ಟ. ಶ್ರೀವತ್ಸ ಗೋತ್ರದ ಪಟ್ಟಾಭಿರಾಮ ಶರ್ಮ ಎಂಬ ಹೆಸರು ಮೂರು ಸಲ ಕೇಳಿಸಿತು. ಸರ್ಕಾರಕ್ಕೆ ಕೊಟ್ಟ ಅರ್ಜಿಯಲ್ಲಿ ಅಪ್ಪನ ಹೆಸರು ಶಿವಯ್ಯ ಎಂದು ಬರೆದಿದ್ದ ಕೈ ಅದೇ. ತಾಯಿಯ ಕಡೆಯವರು, ಗುರುಗಳು ಎಲ್ಲರೂ ಮುಗಿದು ಪುರೋಹಿತರು ದರ್ಭೆಯ ಕೂರ್ಚ ಬಿಚ್ಚಲು ಹೇಳುವಷ್ಟರಲ್ಲಿ ಅವನು ತಡೆದ.

"ಇನ್ನೊಬ್ಬರಿದ್ದಾರೆ."

"ಏನಾಗಬೇಕು ನಿನಗೆ?"

"ಅಪ್ಪನ ಸ್ನೇಹಿತರು."

"ಹೆಸರು?"

"ಶಿವಯ್ಯ."

"ಗೋತ್ರ?"

"ಲಿಂಗಾಯತರು. ನನಗೆ ಗೊತ್ತಿಲ್ಲ."

"ಗೊತ್ತಿಲ್ಲದವರಿಗೆ ಕಾಶ್ಯಪ. ಹೇಳು."

ಕಂಬದ ಮರೆಯಲ್ಲಿ ಗಂಗಾಂಬಿಕೆ ಮಗಳ ಮುಂಗೈಯನ್ನು ಬಿಗಿಯಾಗಿ ಹಿಡಿದರು. "ಅವರ ಎಸ್ರು ಯೋಳ್ದ ಕಣೇ," ಎಂದರು. ಜಯಂತ್ ಬೊಗಸೆಯಲ್ಲಿ ನೀರು ತುಂಬಿಕೊಂಡ. ಬಿಡಲಿಲ್ಲ. ನೀರು ಬೆರಳ ಸಂದಿಯಿಂದ ತಾನಾಗಿ ಸೋರುತ್ತಿತ್ತು. ಪುರೋಹಿತರು ಗದರಿದರು. ಆಗ ಕಣ್ಣು ಮುಚ್ಚಿಕೊಂಡು ಹೆಸರು ಹೇಳಿ ಬಿಟ್ಟುಬಿಟ್ಟ.

ಅವನು ಎದ್ದು ಪಂಚೆ ಹಿಂಡುವಾಗ ಬಸವರಾಜು ಎದುರಿಗೆ ಹೋಗಿ ನಿಂತರು.

"ಜಯಂತ್?"

"ಹೌದು. ನೀವು ಬರ್ತೀರಿ ಅಂತ ಗೊತ್ತಿತ್ತು. ಮುಗಿಯೋ ತನಕ ಬಿಟ್ರಲ್ಲ," ಎಂದು ಕೈ ಮುಗಿದ.

ಮಂಟಪದಲ್ಲೇ ಪಂಚನಾಮೆ ಬರೆದರು. ಪಂಚರಲ್ಲಿ ಒಬ್ಬರಾಗಲು ಪುರೋಹಿತರನ್ನು ಕೇಳಿದಾಗ, "ಇನ್ನೂ ಇಪ್ಪತ್ತು ಜನ ಒದ್ದೆ ಬಟ್ಟೇಲಿ ಕೂತಿದ್ದಾರೆ ಸ್ವಾಮಿ, ಬೇಗ ಬರ್ಕೊಳ್ಳಿ," ಎಂದರು. ಕೈಚೀಲದಲ್ಲಿ ಎರಡು ವಸ್ತು ಸಿಕ್ಕವು. ಮೊಹರು ಒಡೆಯದ ಭಾರದ ಪೊಟ್ಟಣ ಒಂದು. ಉದ್ದನೆಯ ಲಕೋಟೆ ಒಂದು.

"ಲಕೋಟೇಲಿ ಏನದೆ?" ಎಂದರು ಗಂಗಾಂಬಿಕೆ.

ಅವರು ಯಾರೆಂದು ಜಯಂತ್‌ಗೆ ಆಗ ತಿಳಿಯಿತು. "ಬೇಡ ಸಾರ್," ಎಂದ ಬಸವರಾಜು ಕಡೆ ತಿರುಗಿ. "ಅವರಿಗೆ ಬೇಡ. ನಾನೇ ಅದನ್ನ ನೋಡಬಾರದಿತ್ತು."

"ಮಾನಸಾ, ನಿಂಗೆ ಇಂಗ್ಲೀಸ್ ಬತ್ತದಲ್ಲ. ಓದು."

ಮಾನಸಾ ಓದುತ್ತ ಓದುತ್ತ ಕನ್ನಡದಲ್ಲಿ ಹೇಳಿದಳು. ವಿಚಾರಣಾ ಮಂಡಳಿಯ ಮುಂದೆ ಹವಲ್ದಾರ್ ಶಿವಯ್ಯ ಪ್ರಮಾಣ ಮಾಡಿ ಕೊಟ್ಟ ಹೇಳಿಕೆ. ಆ ರಾತ್ರಿ ನರ್ಸಿಂಗ್ ಅಸಿಸ್ಟೆಂಟ್ ಪಟ್ಟಾಭಿರಾಮ ಯಾರ ಅಪ್ಪಣೆಯೂ ಇಲ್ಲದೆ ಜಾಗ ಬಿಟ್ಟು ಹೋದ. ನಿಲ್ಲು ಎಂದೆ, ನಿಲ್ಲಲಿಲ್ಲ. ಹೆದರಿದ್ದ. ಹಿಂದಿನ ದಿನದಿಂದಲೇ ಓಡಿಹೋಗುವ ಮಾತಾಡುತ್ತಿದ್ದ.

ಅಲ್ಲಿಗೆ ಅವಳು ಹಾಳೆ ಮಡಿಸಹೋದಳು. ಇನ್ನೊಂದು ಸಾಲಿತ್ತು.

"ಓದೇ."

"ನಾನು ಅವನನ್ನು ಎಲ್ಲಿಗೂ ಕಳಿಸಿರಲಿಲ್ಲ."

ಗಂಗಾಂಬಿಕೆ ಕಂಬಕ್ಕೆ ಬೆನ್ನು ಕೊಟ್ಟು ನಿಧಾನವಾಗಿ ಕೆಳಗೆ ಕೂತರು. ನೀರು ತರುತ್ತೇನೆಂದು ಹೊರಟ ಪರಮೇಶನನ್ನು ಕೈಯೆತ್ತಿ ತಡೆದರು.

"ಕಳಿಸಿದ್ದು ಅವರೇ ಅಲ್ವಾ?" ಎಂದು ಜಯಂತ್‌ನನ್ನೇ ಕೇಳಿದರು.

"ಹೌದಮ್ಮ. ನಮ್ಮ ಜಗಲಿಯ ಮೇಲೆ ಕೂತು ಅವರೇ ಹೇಳಿದ್ದು. ನಾನು ಎದುರಿಗೇ ಇದ್ದೆ."

"ನಮ್ಮನೇಗೆ ಬಂದು ಕೇಳ್ಬೋದಾಗಿತ್ತಲ್ಲಪ್ಪಾ."

"ಬಂದಿದ್ದೆ. ಅವರು ತೀರಿಕೊಂಡ ವರ್ಷವೇ. ಬಾಗಿಲ ತನಕ. ಯಾರಪ್ಪಾ ನೀನು ಅಂತ ಕೇಳ್ತೀರಿ ಅನ್ನಿಸ್ತು. ಓಡಿಹೋದವನ ಮಗ ಅಂತಲೇ ಹೇಳ್ಕೋಬೇಕಾಗಿತ್ತು. ಹಿಂತಿರುಗಿದೆ."

ಮಧ್ಯಾಹ್ನ ಹನ್ನೆರಡಕ್ಕೆ ದಸ್ತಗಿರಿ ನಮೂದಾಯಿತು. ಶಾಂತಿಗ್ರಾಮಕ್ಕೆ ಬರುವ ದಾರಿಯಲ್ಲಿ ಆರೋಪಿ ಯಾವುದನ್ನೂ ಮುಚ್ಚಿಡಲಿಲ್ಲ. ತಂದೆಯ ಕಾಗದ ಕೇಳಿ ಮೂರು ಸಲ ಬರೆದಿದ್ದ. ಸಾಕ್ಷಿಯ ಹೇಳಿಕೆ ಸಾಕ್ಷಿಯ ಫೈಲಿನಲ್ಲಿದೆ, ಅದನ್ನು ಅವರ ವಾರಸುದಾರರು ಕೇಳಿದರೆ ಮಾತ್ರ ಕೊಡುತ್ತೇವೆ ಎಂದು ಮೂರು ಸಲವೂ ಉತ್ತರ ಬಂದಿತ್ತು. ಶಿವಯ್ಯ ಜಗಲಿಯ ಮೇಲೆ ಹೇಳಿದ್ದನ್ನೇ ಅಲ್ಲೂ ಹೇಳಿರುತ್ತಾರೆ, ಆ ಒಂದು ಹಾಳೆ ಕೈಗೆ ಬಂದರೆ ತಂದೆಯ ಹೆಸರಿನ ಮುಂದಿರುವ ಕಳಂಕ ಅಳಿಯುತ್ತದೆ, ಅಮ್ಮ ಕಣ್ಮುಚ್ಚುವುದರೊಳಗೆ ಅವಳಿಗೆ ಅದನ್ನು ಓದಿ ಹೇಳಬೇಕು ಎಂದು ನಂಬಿದ್ದ. ಅದಕ್ಕೆ ಮೊಹರು ಮಾಡಿಸಿದ, ವಂಶವೃಕ್ಷ ಟೈಪು ಮಾಡಿದ, ಅನ್ಯರ ಮಗನಾದ. ಪದಕ ಕೇಳದಿದ್ದರೆ ಅರ್ಜಿ ನಿಜದಂತೆ ಕಾಣುವುದಿಲ್ಲವೆಂದು ಅದನ್ನೂ ಸೇರಿಸಿ ಬರೆದಿದ್ದ.

"ಓದಿದ ಮೇಲೆ ಸುಟ್ಟು ಹಾಕಿದ್ರೆ ಸಾಕ್ಷಿ ಇರ್ತಿರ್ಲಿಲ್ಲ. ಯಾಕೆ ಇಟ್ಕೊಂಡೆ?" ಬಸವರಾಜು ಕೇಳಿದರು.

"ಆವತ್ತು ರಾತ್ರಿ ನಮ್ಮಪ್ಪ ಅಲ್ಲಿದ್ದರು ಅಂತ ಹೇಳೋ ಕಾಗದ ಅದೊಂದೇ ಸಾರ್."

ಪರಮೇಶ ಮುಂದಿನ ರಸ್ತೆಯನ್ನೇ ನೋಡುತ್ತ ಗಾಡಿ ಓಡಿಸಿದ.

ದಸರಾ ಕಳೆದ ಮೇಲೆ, ಅಕ್ಟೋಬರ್ ಹತ್ತನೇ ತಾರೀಖು, ಗಂಗಾಂಬಿಕೆ ಮತ್ತೆ ಠಾಣೆಗೆ ಬಂದರು. ಒಮ್ಮೆಲೇ ಹತ್ತು ವರ್ಷ ಹೆಚ್ಚಾದವರಂತೆ ಕಾಣುತ್ತಿದ್ದರು. ಜಯಂತ್ ಜಾಮೀನಿನ ಮೇಲೆ ಹೊರಗಿದ್ದ.

"ಆ ಉಡುಗನ ಮೇಲಿನ ಕೇಸು ವಾಪಸ್ ತಗಳಕ್ಕಾಯ್ತದಾ?"

"ಆಗೋಲ್ಲಮ್ಮಾ. ಸರ್ಕಾರಿ ಮೊಹರು ಸುಳ್ಳು ಮಾಡಿದ್ದಾನೆ. ಕೋರ್ಟು ಏನು ಹೇಳುತ್ತೋ ಅದು."

"ಸರಿ. ಅಂಗಾದ್ರೆ ನಂದೊಂದು ಅರ್ಜಿ ಬರ್ಕೊಡಿ. ನಮ್ಮೆಜಮಾನ್ರ ದಾಖಲೆ ತಿದ್ಬೇಕು ಅಂತ."

"ಪದಕ ನ್ಯಾಯಾಲಯದಿಂದ ನಿಮಗೇ ಬರುತ್ತೆ. ಅದಕ್ಕೆ ಅರ್ಜಿ ಬೇಡ."

"ಮೆಡಲ್ ಮಾತಲ್ಲ. ಅವರು ಪ್ರಮಾಣ ಮಾಡಿ ಯೋಳಿದ್ದು ಸುಳ್ಳು ಅಂತ ಬರೀರಿ. ಪಟ್ಟಾಭಿರಾಮನ್ನ ನೀರಿಗೆ ಕಳಿಸಿದ್ದು ಅವ್ರೇ ಅಂತ ಬರೀರಿ. ಅಂಬುಜಮ್ಮೋರೂ ಸೈನ್ ಆಕ್ತಾರೆ, ಓಗಿ ಕೇಳ್ಕಂಡ್ ಬಂದಿವ್ನಿ."

ಬಸವರಾಜು ಪೆನ್ನು ಮೇಜಿನ ಮೇಲಿಟ್ಟರು. "ಅಮ್ಮಾ, ಯೋಚನೆ ಮಾಡಿ. ಇದನ್ನ ಕಳಿಸಿದ್ರೆ ಆ ಪದಕವನ್ನೂ ವಾಪಸ್ ಕೇಳಬಹುದು. ಊರಲ್ಲಿ ನಾಲ್ಕು ಜನ ನಾಲ್ಕು ಮಾತಾಡ್ತಾರೆ."

"ಯೋಚ್ನೆ ಮಾಡೇ ಬಂದೆ. ಮೂರು ರಾತ್ರಿ ಅವರ ಫೋಟೋ ಮುಂದೆ ಕುಂತು ಜಗಳ ಆಡಿವ್ನಿ. ಮೊದ್ಲೇ ನಂಗೆ ಯೋಳಿದ್ರೆ ಕೈ ಇಡ್ಕಂಡ್ ಕರ್ಕೊಂಡೋಗಿ ಬರಸ್ತಿದ್ದೆ. ಅವ್ರಿಗೆ ಧೈರ್ಯ ಬರ್ಲಿಲ್ಲ." ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. "ವಾರಸುದಾರ್ರು ಕೇಳಿದ್ರೆ ಮಾತ್ರ ಸರ್ಕಾರದೋರು ಕೇಳ್ತಾರಂತಲ್ಲ. ಬರ್ಕೊಳ್ಳಿ. ವಾರಸುದಾರ್ಳು ನಾನು."

ಬಸವರಾಜು ಹೊಸ ಹಾಳೆ ತೆಗೆದುಕೊಂಡು ಬರೆದರು, ಓದಿ ಹೇಳಿದರು. ಗಂಗಾಂಬಿಕೆ ಪೆನ್ನು ಹಿಡಿದು ಒಂದೊಂದೇ ಅಕ್ಷರವಾಗಿ ತಮ್ಮ ಹೆಸರು ಬರೆದರು. ಅದರ ಕೆಳಗೆ, ದಿವಂಗತ ಸುಬೇದಾರ್ ಶಿವಯ್ಯನವರ ಹೆಂಡತಿ ಎಂದು ಬರೆಯುವಾಗ ಮಾತ್ರ ಒಂದು ಸಲ ಪೆನ್ನು ಎತ್ತಿದರು. ಎಡಗೈಯಿಂದ ಹಾಳೆಯನ್ನು ಅದುಮಿ ಹಿಡಿದು ಮುಗಿಸಿದರು.